ಅಡತಿ ಅಂಗಡಿ, ದಾಲ್ ಮಿಲ್ಲಿನ ಕಂಪ್ಯೂಟರ್ ಕೆಲಸ ಯಾರ ಕೈಗೆ ಕೊಡಬೇಕು? ಸಲಹೆ ಕೊಡ್ರಿ

ಗಂಜ್ ಅಡತಿ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ. ಕಾಳಿನ ಮಾರುಕಟ್ಟಿ ನೆಹರೂ ಗಂಜ್‌ದಾಗ ನಮ್ಮ ಅಪ್ಪಾಜಿ ಕಾಲದ ಅಡತಿ ಅಂಗಡಿ ಅದ (ರೈತರ ಮಾಲು ಕಮಿಷನ್ ಮ್ಯಾಲೆ ಮಾರಿ ಕೊಡೋದು), ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಸಣ್ಣ ದಾಲ್ ಮಿಲ್ ಅದ. ಅಪ್ಪಾಜಿಗೆ ಮೊಣಕಾಲು ನೋವು ಶುರು ಆದ ಮ್ಯಾಲೆ ನಾಲ್ಕು ವರ್ಷದಿಂದ ಎರಡೂ ಮಗಳಾದ ನಾನೇ ನೋಡ್ಕೋತೀನಿ. ಒಟ್ಟು ಆರು ಕಂಪ್ಯೂಟರ್. ಅಂಗಡ್ಯಾಗ ಮೂರು, ಮಿಲ್ಲಿನಾಗ ಎರಡು, ತೂಕದ ಕಾಟಾದ ಹತ್ರ ಒಂದು. ಲೆಕ್ಕ ಎಲ್ಲಾ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಾಗ.

ಒಂಬತ್ತು ವರ್ಷ ಇದನ್ನೆಲ್ಲ ಒಬ್ಬ ಹುಡುಗ ನೋಡ್ಕೊಂಡ. ಫೋನ್ ಮಾಡಿದ್ರ ಹತ್ತು ನಿಮಿಷಕ್ಕ ಗಾಡಿ ಮ್ಯಾಲೆ ಬರ್ತಿದ್ದ. ಆಗಸ್ಟ್‌ದಾಗ ಅವಗ ಪುಣೆದಾಗ ನೌಕರಿ ಸಿಕ್ತು, ಹೋದ. ನಾವೂ ಖುಷಿಲೇ ಕಳಿಸಿದ್ವಿ. ಡಿಸೆಂಬರ್‌ದಾಗ ಹೊಸ ತೊಗರಿ ಗಂಜಿಗೆ ಬರೋ ಹೊತ್ತಿಗೇ ಅಂಗಡಿಯ ಮುಖ್ಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋತು. ಬ್ಯಾಕಪ್ ಅದ ಅಂತ ನಂಬಿದ್ವಿ. ದಿನಾ ಸಂಜಿಗೆ ಮುನೀಮರು ಬ್ಯಾಕಪ್ ಒತ್ತಿ, ಆಯ್ತು ಅಂತ ಬಂದದ್ದು ನೋಡಿಯೇ ಮನಿಗೆ ಹೋಗ್ತಿದ್ರು. ಅದು ಹೋಗ್ತಿದ್ದದ್ದು ಅದೇ ಡಿಸ್ಕಿನ ಡಿ ಡ್ರೈವ್‌ಗೆ. ಡಿಸ್ಕ್ ಹೋದ ಕೂಡಲೇ ಎರಡೂ ಹೋದ್ವು. ಪೆನ್‌ಡ್ರೈವ್‌ದಾಗ ಇದ್ದದ್ದು ಜೂನ್ ತಿಂಗಳದ್ದು. ರೈತರು ಟ್ರ್ಯಾಕ್ಟರ್ ನಿಲ್ಲಿಸ್ಕೊಂಡು ಲೆಕ್ಕದ ಪಟ್ಟಿಗೆ ಕಾಯ್ತಿದ್ರು, ನಾವು ಮೂರು ದಿನ ಕಚ್ಚಾ ಪುಸ್ತಕದಾಗ ಕೈಲೇ ಬರದ್ವಿ. ಜೂನ್‌ದಿಂದ ಡಿಸೆಂಬರ್ ತನಕದ ಲೆಕ್ಕ ಮತ್ತ ಕೂಡಿಸ್ಲಿಕ್ಕ ಐದು ವಾರ ಹಿಡೀತು. ಹಳ್ಳಿಯಿಂದ ಬಂದ ಒಬ್ಬ ಅಜ್ಜ, "ತಂಗಿ, ನನ್ನ ಬಾಕಿ ಎಷ್ಟದ?" ಅಂತ ಕೇಳಿದಾಗ ಉತ್ತರ ಕೊಡ್ಲಿಕ್ಕಾಗದೇ ನಿಂತದ್ದು ಇನ್ನೂ ಮನಸ್ಸಿನಾಗ ಅದ.

ಈಗ ಎರಡು ಕೊಟೇಶನ್ ಕೈಯಾಗ ಅವ. ಒಂದು ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯವರದ್ದು. ಅಣ್ಣ ತಮ್ಮ ಇಬ್ಬರು, ಮೂರು ಮಂದಿ ಹುಡುಗರು. ವರ್ಷಕ್ಕ 36,000 ರೂಪಾಯಿ, ಜಿಎಸ್‌ಟಿ ಬ್ಯಾರೆ. ಇನ್ನೊಂದು ಹೈದರಾಬಾದ್ ಕಂಪನಿ. ತಿಂಗಳಿಗೆ 11,000, ಅದಕ್ಕೂ ಜಿಎಸ್‌ಟಿ ಬ್ಯಾರೆ. 24 ತಾಸು ಫೋನ್ ಎತ್ತತಾರಂತ, ಕೆಲಸ ಎಲ್ಲಾ ಅಲ್ಲಿಂದಲೇ ಕೂತು ಮಾಡ್ತಾರಂತ, ಇಲ್ಲಿಗೆ ಬಂದ್ರ ಪ್ರತಿ ಸಲ ಬ್ಯಾರೆ ಚಾರ್ಜ್.

ಯಾರನ್ನ ಹಿಡೀಬೇಕು? ಕೈ ಹಾಕೋಕಿಂತ ಮೊದಲು ಏನೇನು ಕೇಳಬೇಕು?

ಮೆಡಿಕಲ್ ಅಂಗಡಿ, ಸೇಡಂ ರಸ್ತೆ

ಹತ್ತಿರದವರನ್ನೇ ಹಿಡೀರಿ ಅಕ್ಕಾ. ಪ್ರಿಂಟರಿನಾಗ ಕಾಗದ ಸಿಕ್ಕಿಹಾಕ್ಕೊಂಡ್ರ ಹೈದರಾಬಾದ್‌ದವರು ಫೋನಿನಾಗ ಏನು ಮಾಡ್ತಾರ? ನಮ್ಮದು ಬಿಲ್ಲಿಂಗ್ ಅರ್ಧ ತಾಸು ನಿಂತ್ರ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರ.

ರೈಸ್ ಮಿಲ್, ಶಹಾಪುರ

ನಾನು ಬ್ಯಾರೆ ಹೇಳ್ತೀನಿ. ನಮ್ಮ ಮಿಲ್ಲಿಗೆ ಆರು ವರ್ಷದಿಂದ ಹೊರಗಿನ ಕಂಪನಿನೇ. ಟ್ಯಾಲಿ ತೊಂದರಿ, ಇಮೇಲ್, ವೈರಸ್, ಇ-ವೇ ಬಿಲ್ (ಲಾರಿದಾಗ ಮಾಲು ಕಳಸ್ಲಿಕ್ಕ ಬೇಕಾದ ಆನ್‌ಲೈನ್ ಚೀಟಿ) ತೆರೀವಲ್ದು ಅನ್ನೋದು, ಇಂಥವೆಲ್ಲ ದೂರದಿಂದ ಕಂಪ್ಯೂಟರ್ ನಡಸೋ ಎನಿಡೆಸ್ಕ್‌ದಾಗ ಕೂತಲ್ಲೇ ಮಾಡ್ತಾರ. ಫೋನ್ ಎತ್ತಿದ ಹುಡುಗಗ ಗೊತ್ತಾಗದಿದ್ರ ಅವನ ಮ್ಯಾಲಿನವರು ನೋಡ್ತಾರ. ಊರಾಗಿನ ಒಬ್ಬನೇ ಹುಡುಗನ ಹತ್ರ ಆ ಮ್ಯಾಲಿನವರು ಇರಲ್ಲ. ಅವಗ ತಿಳೀಲಿಲ್ಲ ಅಂದ್ರ "ಫಾರ್ಮ್ಯಾಟ್ ಹೊಡೀಬೇಕ್ರಿ" ಅಂತಾನ.

ಆದರ ನಾನು ಕಲಿತದ್ದೂ ಹೇಳ್ಬೇಕು. ಎರಡು ವರ್ಷದ ಹಿಂದ ರಸ್ತೆ ಅಗಿಯೋವಾಗ ಫೈಬರ್ ತುಂಡಾಗಿ ಎರಡು ದಿನ ಇಂಟರ್ನೆಟ್ ಬರ್ಲಿಲ್ಲ. ದೂರದವರು ಎಷ್ಟೇ ಶಾಣ್ಯಾರಿದ್ರೂ ಇಂಟರ್ನೆಟ್ ಇಲ್ಲಂದ ಮ್ಯಾಲೆ ಅವರ ಕೈ ನಮ್ಮ ತನಕ ಮುಟ್ಟಲ್ಲ. ಭತ್ತದ ಲಾರಿ ಸಾಲಾಗಿ ನಿಂತಿದ್ವು. ಈಗ ಒಂದು ಫೈಬರ್ ಲೈನ್, ಅದರ ಜೊತಿಗೆ ಬ್ಯಾರೆ ಕಂಪನಿಯ ಸಿಮ್ ಹಾಕಿದ ರೌಟರ್ ಇಟ್ಟೀವಿ. ಎರಡೂ ಒಂದೇ ಕಂಪನಿದು ಇಟ್ಕೋಬ್ಯಾಡ್ರಿ, ಟವರಿಗೆ ಹೋಗೋ ಫೈಬರೂ ಅದೇ ಇರಬಹುದು.

ಸಿಎ ಕಚೇರಿ, ಕಲಬುರಗಿ

ಮೇಡಂ, ಕೊಟೇಶನ್ ಹೋಲಿಸುವ ಮೊದಲು ಲೆಕ್ಕ ಸರಿಯಾಗಿ ಹಾಕಿಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ ಮೊದಲನೆಯದು 42,480, ಎರಡನೆಯದು ವರ್ಷಕ್ಕೆ 1,55,760. ಬೇರೆ ವ್ಯಾಪಾರಿಗಳು ಆ ಶೇ 18 ಇನ್‌ಪುಟ್ ಕ್ರೆಡಿಟ್ ಆಗಿ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡು) ವಾಪಸ್ ಬರುತ್ತದೆ ಅಂತ ಬಿಟ್ಟುಬಿಡುತ್ತಾರೆ. ನಿಮ್ಮ ವಿಷಯ ಹಾಗಲ್ಲ. ಬಿಡಿ ಬೇಳೆಗೆ ತೆರಿಗೆ ಇಲ್ಲ. 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ಟಿಗೆ 2022ರ ಜುಲೈ 18ರಿಂದ ಶೇ 5 ಬಂತು. ನಿಮ್ಮ ವಹಿವಾಟಿನಲ್ಲಿ ತೆರಿಗೆ ಇಲ್ಲದ ಪಾಲು ಎಷ್ಟಿದೆಯೋ ಅಷ್ಟು ಪಾಲಿನ ಕ್ರೆಡಿಟ್ ನಿಮಗೆ ಸಿಗುವುದಿಲ್ಲ. ಅಂದರೆ ಆ ಜಿಎಸ್‌ಟಿಯ ದೊಡ್ಡ ಭಾಗ ನಿಮಗೆ ನೇರ ಖರ್ಚು.

ಇನ್ನೊಂದು ಮಾತು, ಇದು ದುಡ್ಡಿಗಿಂತ ದೊಡ್ಡದು. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್ ಪೋರ್ಟಲ್, ಇಮೇಲ್, ಟ್ಯಾಲಿ ಲೈಸೆನ್ಸ್, ಇವಕ್ಕೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ನೋಡಿ. ಇ-ವೇ ಬಿಲ್ ಪೋರ್ಟಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಪಾಸ್‌ವರ್ಡ್ ಜೊತೆ ಒಟಿಪಿ ಕಡ್ಡಾಯವಾಗಿದೆ. ನಂಬರ್ ಬೇರೆಯವರದ್ದಾಗಿದ್ದರೆ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ನಮ್ಮಲ್ಲಿಗೆ ಬರುವ ಹತ್ತು ಜನರಲ್ಲಿ ಮೂರು ನಾಲ್ಕು ಜನರದ್ದು ಹಳೆಯ ಗುಮಾಸ್ತರದ್ದೋ ಕಂಪ್ಯೂಟರ್ ಹುಡುಗನದ್ದೋ ನಂಬರ್ ಇರುತ್ತದೆ. ಡಿಜಿಟಲ್ ಸಿಗ್ನೇಚರ್ ಟೋಕನ್ ಇದ್ದರೆ ಅದನ್ನಂತೂ ಕೈಬಿಡಬೇಡಿ. ಅದು ನಿಮ್ಮ ಸಹಿ.

ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತ ಜಿಎಸ್‌ಟಿ ಕಾಯ್ದೆಯೇ ಹೇಳುತ್ತದೆ. ಹಾರ್ಡ್ ಡಿಸ್ಕ್ ಹೋಯಿತು ಎಂಬ ಉತ್ತರ ಅಧಿಕಾರಿಯ ಮುಂದೆ ನಡೆಯುವುದಿಲ್ಲ.

ಗಂಜ್ ಅಡತಿ, ಕಲಬುರಗಿ

ಸರ್, ನಿಮ್ಮ ಮಾತು ಓದಿ ಈಗಲೇ ನೋಡಿದೆ. ಇ-ವೇ ಬಿಲ್ಲಿಗೆ ಅಪ್ಪಾಜಿ ನಂಬರೇ ಅದ. ಆದರ ಟ್ಯಾಲಿ ಲೈಸೆನ್ಸಿನ ಇಮೇಲ್ ಆ ಹುಡುಗನದ್ದು. ರೌಟರ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮಿಲ್ಲಿನ ಸಿಸಿಟಿವಿದ್ದೂ ಗೊತ್ತಿಲ್ಲ.

ಬಿದ್ರಿ ಅಂಗಡಿ, ಬೀದರ

ತಂಗಿ, ನನ್ನ ಕಥಿ ಕೇಳು. ನಮ್ಮದು ಮೂರು ತಲೆಮಾರಿನ ಬಿದ್ರಿ ಕೆಲಸ. ಹೊರಗಿನ ಗಿರಾಕಿಗಳು ವೆಬ್‌ಸೈಟ್ ನೋಡಿ ಬರ್ಲಿ ಅಂತ ಒಬ್ಬರ ಕೈಲೆ ಮಾಡಿಸಿದ್ವಿ. ಅಂಗಡಿ ಹೆಸರಿನ ಡೊಮೇನ್ (ವೆಬ್‌ಸೈಟಿನ ವಿಳಾಸ) ಅವರೇ ತಗೊಂಡ್ರು, ಅವರದೇ ಹೆಸರಿನಾಗ, ಅವರದೇ ಇಮೇಲ್‌ದಾಗ. ನಾವು ವರ್ಷ ವರ್ಷ ರೊಕ್ಕ ಕೊಡ್ತಿದ್ವಿ, ನಮ್ಮದೇ ಅಂತ ತಿಳ್ಕೊಂಡಿದ್ವಿ. ಒಂದು ವರ್ಷ ಅವರು ಧಂದೆ ಬಿಟ್ರು, ರಿನ್ಯೂ ಮಾಡ್ಲಿಲ್ಲ, ಫೋನ್ ಎತ್ತಲಿಲ್ಲ. ಡೊಮೇನ್ ಹೋತು. ಅದರ ಮ್ಯಾಲೇ ಇಮೇಲ್ ನಡೀತಿತ್ತು, ಅದೂ ಹೋತು. ಹಳೇ ಗಿರಾಕಿಗಳು ಬರೆದ ಪತ್ರ ಎಲ್ಲಿಗೆ ಹೋದ್ವೋ ಇವತ್ತಿಗೂ ಗೊತ್ತಿಲ್ಲ. ಸತುವಿನ ಮ್ಯಾಲೆ ಬೆಳ್ಳಿ ತಂತಿ ಕೂಡಿಸೋ ಕೆಲಸ ಗೊತ್ತಿದ್ದ ನಮಗ, ನಮ್ಮ ಹೆಸರು ಇನ್ನೊಬ್ಬರ ಖಾತೆದಾಗ ಬರದದ್ದು ಗೊತ್ತಾಗ್ಲಿಲ್ಲ.

ಮಾಲಕರ ಹೆಸರಿನ ಜಾಗದಾಗ ನಿನ್ನ ಅಂಗಡಿ ಹೆಸರೇ ಇರ್ಬೇಕು. ರಿನ್ಯೂವಲ್ ರೊಕ್ಕ ನಿನ್ನ ಕಾರ್ಡಿನಿಂದಲೇ ಹೋಗ್ಬೇಕು. ಕೆಲಸ ಅವರು ಮಾಡ್ಲಿ, ಕಾಗದ ನಿನ್ನ ಹೆಸರಿಗಿರ್ಲಿ. ಹೊಲ ಲಾವಣಿಗೆ ಕೊಟ್ರೂ ಪಹಣಿ ನಮ್ಮ ಹೆಸರಿಗೇ ಇಟ್ಕೋತೀವಲ್ಲ, ಹಂಗ.

ಎಎಂಸಿ ಕೆಲಸದವ, ಕಲಬುರಗಿ

ನಾನು ಇದೇ ಧಂದೆದಾಗ ಇದ್ದೀನಿ, ಹದಿನಾಲ್ಕು ವರ್ಷ ಆಯ್ತು. ಮೊದಲೇ ಹೇಳ್ತೀನಿ, ಕೆಲಸ ಕೇಳ್ಲಿಕ್ಕ ಬಂದಿಲ್ಲ, ಅಂಗಡಿ ಹೆಸರೂ ಹೇಳಲ್ಲ. ಒಬ್ಬ ಗಿರಾಕಿ ನನಗ ಏನು ಕೇಳಿದ್ರ ನಾನು ಸರಿಯಾಗಿ ಕೆಲಸ ಮಾಡ್ಬೇಕಾಗ್ತದೋ ಅದನ್ನ ಹೇಳ್ತೀನಿ.

ಒಂದನೇದು, ಎಎಂಸಿ, ಅಂದ್ರ ವರ್ಷದ ನಿರ್ವಹಣೆ ಒಪ್ಪಂದ, ಯಾವ ಬಗಿದು ಅಂತ ಕೇಳ್ರಿ. ಕಾಂಪ್ರಿಹೆನ್ಸಿವ್ ಅಂದ್ರ ಕೆಟ್ಟ ಸಾಮಾನಿನ ಖರ್ಚೂ ಅವರದೇ. ನಾನ್ ಕಾಂಪ್ರಿಹೆನ್ಸಿವ್ ಅಂದ್ರ ಕೆಲಸದ ಕೂಲಿ ಮಾತ್ರ, ಸಾಮಾನಿನ ರೊಕ್ಕ ನಿಮ್ಮದು. 36,000ಕ್ಕ ಆರು ಕಂಪ್ಯೂಟರ್ ಅಂದ್ರ ಖಂಡಿತ ನಾನ್ ಕಾಂಪ್ರಿಹೆನ್ಸಿವ್. ಅದು ತಪ್ಪಲ್ಲ, ಆದರ ಬರವಣಿಗೆದಾಗ ಇರ್ಬೇಕು. ಯುಪಿಎಸ್ ಬ್ಯಾಟರಿ, ಪ್ರಿಂಟರಿನ ಹೆಡ್ಡು, ಕೇಬಲ್, ಇವು ಕಾಂಪ್ರಿಹೆನ್ಸಿವ್‌ದಾಗೂ ಹೊರಗೇ ಇಡ್ತಾರ, ಸಣ್ಣ ಅಕ್ಷರ ಓದ್ರಿ.

ಎರಡನೇದು, "ಎರಡು ತಾಸಿನಾಗ" ಅಂತ ಬರದ್ರ ಎರಡು ತಾಸಿನಾಗ ಏನು ಅಂತ ಕೇಳ್ರಿ. ಫೋನ್ ಎತ್ತೋದಾ, ಮನುಷ್ಯ ಬರೋದಾ, ಕಂಪ್ಯೂಟರ್ ಮತ್ತ ನಡೆಯೋದಾ? ಮೂರೂ ಬ್ಯಾರೆ ಬ್ಯಾರೆ. ನಾವು ಬರಕೊಡೋದು ಸಾಮಾನ್ಯವಾಗಿ ಮೊದಲಿನದ್ದೇ. ಸಾಮಾನು ಹೈದರಾಬಾದಿನಿಂದ ತರಿಸ್ಬೇಕಾದ್ರ ಒಂದು ದಿನ ಹೋಗೇ ಹೋಗ್ತದ. ಹಂಗಾಗಿ ಇನ್ನೊಂದು ಕೇಳ್ರಿ: ಅಲ್ಲಿ ತನಕ ಕೆಲಸ ನಡಸ್ಲಿಕ್ಕ ಅವರ ಹತ್ರ ಕೊಡೋ ಕಂಪ್ಯೂಟರ್ ಅದ ಏನು?

ಮೂರನೇದು, ಮೂರು ಹುಡುಗರು ಎಷ್ಟು ಕಡೆ ನೋಡ್ತಾರ? ಡಿಸೆಂಬರ್, ಜನವರಿದಾಗ ಗಂಜ್ ಎಲ್ಲಾ ಒಂದೇ ಸಲ ಫೋನ್ ಮಾಡ್ತದ. ಬ್ಯಾಸಗಿದಾಗ ಹತ್ತು ನಿಮಿಷಕ್ಕ ಬರೋನು ತೊಗರಿ ಹಂಗಾಮಿನಾಗ ಎಷ್ಟು ಹೊತ್ತಿಗೆ ಬಂದ ಅಂತ ಅವರ ಹಳೇ ಗಿರಾಕಿಗಳ ಹತ್ರ ಹೋಗಿ ಕೇಳ್ರಿ. ಅವರನ್ನ ಬಿಟ್ಟು ಹೋದ ಗಿರಾಕಿ ಸಿಕ್ರ ಇನ್ನೂ ಛಲೋ.

ಇನ್ನ ನಿಮ್ಮ ಜಾಗದ ವಿಷಯ. ದಾಲ್ ಮಿಲ್ಲಿನ ಹೊಟ್ಟಿನ ಧೂಳು ಕಂಪ್ಯೂಟರಿನ ಫ್ಯಾನಿನಾಗ ಕಂಬಳಿ ಹಾಸಿದಂಗ ಕೂಡ್ತದ. ನಮ್ಮ ಕಡೆ ಮೇ ತಿಂಗಳು 42, 43 ಡಿಗ್ರಿ. ಯುಪಿಎಸ್‌ದಾಗಿನ ಲೆಡ್ ಬ್ಯಾಟರಿಗೆ 25 ಡಿಗ್ರಿ ಬೇಕು, ಅದರ ಮ್ಯಾಲೆ ಪ್ರತಿ ಎಂಟು ಹತ್ತು ಡಿಗ್ರಿಗೆ ಆಯುಷ್ಯ ಸುಮಾರು ಅರ್ಧ ಆಗ್ತದ. ಮೂರು ವರ್ಷದ ಬ್ಯಾಟರಿ ಮಿಲ್ಲಿನ ಪತ್ರಾ ಶೆಡ್ಡಿನಾಗ ಒಂದು ವರ್ಷಕ್ಕ ಮಲಗ್ತದ. ಮಿಲ್ಲಿನ ಮೋಟಾರು ಶುರು ಆದಾಗ ವೋಲ್ಟೇಜ್ ಕುಸೀತದ, ಅರ್ತಿಂಗ್ ಸರಿ ಇಲ್ಲಂದ್ರ ನೆಟ್‌ವರ್ಕ್ ಸ್ವಿಚ್ಚು ಸುಡ್ತದ. ಕೊಟೇಶನ್ ಕೊಡೋಕಿಂತ ಮೊದಲು ಮಿಲ್ಲಿಗೆ ಬಂದು ಅರ್ತಿಂಗ್ ನೋಡ್ದವರು ಯಾರು? ಇಬ್ಬರೂ ನೋಡದೇ ರೇಟ್ ಹೇಳಿದ್ರ ಇಬ್ಬರನ್ನೂ ವಾಪಸ್ ಕರೀರಿ.

ಮತ್ತ, ಮನಿಯಿಂದ ಟ್ಯಾಲಿ ನೋಡ್ಲಿಕ್ಕ ಅಂತ ಹೇಳಿ ಯಾರಾದ್ರೂ ರೌಟರಿನಾಗ 3389 ಪೋರ್ಟ್ ತೆರೆದಿಟ್ಟಾರೇನು ನೋಡಿಸ್ರಿ. ಅದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು. ಇಂಟರ್ನೆಟ್ಟಿಗೆ ನೇರ ತೆರೆದಿಟ್ರ ರ‍್ಯಾನ್ಸಮ್‌ವೇರ್‌ದವರು ಅಲ್ಲಿಂದಲೇ ಬಂದು ಫೈಲಿಗೆ ಬೀಗ ಹಾಕಿ ರೊಕ್ಕ ಕೇಳ್ತಾರ. ನನ್ನ ಕೈಲೇ ಆದ ತಪ್ಪು ಹೇಳ್ತೀನಿ. 2019ರಾಗ ಒಬ್ಬ ಗಿರಾಕಿಗೆ ಹಿಂಗೇ ತೆರೆದು ಕೊಟ್ಟಿದ್ದೆ. ಒಂದು ಮುಂಜಾನೆ ಎಲ್ಲಾ ಫೈಲಿಗೂ ಬೀಗ. ಆ ಮನುಷ್ಯ ನನಗ ಒಂದು ಮಾತೂ ಬೈಲಿಲ್ಲ. ಅದೇ ನನಗ ಹೆಚ್ಚು ಹತ್ತಿತು. ಅವತ್ತಿನಿಂದ ಯಾರು ಕೇಳಿದ್ರೂ ತೆರೆದು ಕೊಡಲ್ಲ.

ಗಂಜ್ ಅಡತಿ, ಕಲಬುರಗಿ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಧನ್ಯವಾದ. ಒಂದು ಕೇಳ್ಬೇಕು. ಕಾಟಾದ ಕಂಪ್ಯೂಟರ್ ಇನ್ನೂ ವಿಂಡೋಸ್ 7. ಕಾಟಾದ ಸಾಫ್ಟ್‌ವೇರ್ ಅದರ ಮ್ಯಾಲೇ ನಡೀತದ ಅಂತ ಮುಟ್ಟಿಲ್ಲ. ಉಳಿದವು ವಿಂಡೋಸ್ 10.

ಎಎಂಸಿ ಕೆಲಸದವ, ಕಲಬುರಗಿ

ವಿಂಡೋಸ್ 7ಕ್ಕ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತ್ವು. ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ. ಅಪ್‌ಡೇಟ್ ಇಲ್ಲಂದ್ರ ಏನಾಗ್ತದ ಅಂತ ಕೇಳಿದ್ರ 2017ರ ಮೇ 12 ನೆನಪು ಮಾಡ್ಕೋರಿ, ವಾನ್ನಾಕ್ರೈ ಅನ್ನೋ ಫೈಲಿಗೆ ಬೀಗ ಹಾಕೋ ವೈರಸ್ ಬಂದ ದಿನ. ಅದಕ್ಕ ಬೇಕಾದ ಅಪ್‌ಡೇಟ್ ಮೈಕ್ರೋಸಾಫ್ಟ್‌ದವರು ಮಾರ್ಚ್‌ದಾಗೇ ಕೊಟ್ಟಿದ್ರು. ಹಾಕ್ಕೊಳ್ಳದವರದ್ದು ಹೋತು.

ಕಾಟಾದ ಕಂಪ್ಯೂಟರ್ ಬದಲಿಸ್ಲಿಕ್ಕ ಆಗ್ಲಿಲ್ಲಂದ್ರ ಅದರ ಇಂಟರ್ನೆಟ್ ಕೇಬಲ್ ಕಿತ್ತು ಇಡ್ರಿ. ಕಾಟಾದಿಂದ ತೂಕ ಬರೋದು ಸೀರಿಯಲ್ ಕೇಬಲ್ಲಿನಾಗ, ಅದಕ್ಕ ಇಂಟರ್ನೆಟ್ ಬೇಕಾಗಿಲ್ಲ. ಚೀಟಿ ಪ್ರಿಂಟ್ ಆಗ್ತದ, ಸಾಕು. ಆ ಕಂಪ್ಯೂಟರಿನ ಪೆನ್‌ಡ್ರೈವ್ ಅಂಗಡಿ ಕಂಪ್ಯೂಟರಿಗೆ ಹಚ್ಚಬ್ಯಾಡ್ರಿ. ಉಳಿದ ಐದರಾಗ ಎಷ್ಟಕ್ಕ ವಿಂಡೋಸ್ 11 ಹೋಗ್ತದ, ಎಷ್ಟು ಹೊಸವು ತಗೋಬೇಕು ಅಂತ ಇಬ್ಬರ ಹತ್ರನೂ ಬರವಣಿಗೆದಾಗ ತಗೋರಿ. ಆ ಪಟ್ಟಿ ನೋಡಿದ್ರ ಯಾರು ಕಂಪ್ಯೂಟರ್ ತೆರೆದು ನೋಡ್ಯಾರ, ಯಾರು ಅಂದಾಜಿಗೆ ಬರದಾರ ಗೊತ್ತಾಗ್ತದ.

ಕಲಬುರಗಿಯವ, ಈಗ ಬೆಂಗಳೂರು

ನಾನು ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಊರು ಆಳಂದ ರಸ್ತೆ. ದೊಡ್ಡ ಕಂಪನಿಗಳ ಕೊಟೇಶನ್ನಿನಲ್ಲಿ "ಶೇ 99 ಅಪ್‌ಟೈಮ್" ಅಂತ ಇರುತ್ತದೆ. ಅಂದರೆ ಅಷ್ಟು ಹೊತ್ತು ನಿಲ್ಲದೆ ನಡೆಯುತ್ತದೆ ಎಂಬ ಭರವಸೆ. ಕೇಳಲು ಚೆನ್ನಾಗಿದೆ. ವರ್ಷದ 8,760 ಗಂಟೆಯಲ್ಲಿ ಶೇ 1 ಅಂದರೆ 87 ಗಂಟೆ 36 ನಿಮಿಷ, ಮೂರೂವರೆ ದಿನಕ್ಕಿಂತ ಹೆಚ್ಚು. ನಿಮ್ಮ ಅಂಗಡಿ ಡಿಸೆಂಬರಿನಲ್ಲಿ ನಿಂತದ್ದು ಮೂರು ದಿನ. ಅಂದರೆ ಅದು ಆ ಒಪ್ಪಂದದ ಒಳಗೇ ಬರುತ್ತದೆ, ಯಾರೂ ನಿಮಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ. ಶೇ 99.9 ಆದರೆ ಎಂಟು ಮುಕ್ಕಾಲು ಗಂಟೆ. ಮಾತು ಮುರಿದರೂ ಸಿಗುವುದು ಮುಂದಿನ ತಿಂಗಳ ಬಿಲ್ಲಿನಲ್ಲಿ ಒಂದಿಷ್ಟು ಕಡಿತ ಅಷ್ಟೇ, ನಿಮ್ಮ ನಷ್ಟವಲ್ಲ.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಊರಿನವರೋ ಹೈದರಾಬಾದಿನವರೋ ಎಂಬುದು ಎರಡನೆಯ ಪ್ರಶ್ನೆ. ಇಬ್ಬರನ್ನೂ ಒಂದೇ ಕೇಳಿ: "ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ಕೈಗೆ ಏನು ಕೊಟ್ಟು ಹೋಗುತ್ತೀರಿ?" ಪಾಸ್‌ವರ್ಡ್‌ಗಳ ಪಟ್ಟಿ, ನೆಟ್‌ವರ್ಕಿನ ನಕ್ಷೆ, ಲೈಸೆನ್ಸ್ ಬಿಲ್ಲುಗಳು, ಕೊನೆಯ ಬ್ಯಾಕಪ್, 30 ದಿನ ಹೊಸಬರಿಗೆ ತೋರಿಸಿಕೊಡುವುದು. ಇದನ್ನು ಮುಖ ಸಿಂಡರಿಸದೆ ಬರೆದುಕೊಡುವವರು ಯಾರೋ ಅವರ ಜೊತೆ ಮಾತು ಮುಂದುವರಿಸಿ.

ಬ್ಯಾಕಪ್ಪಿಗೆ ನಮ್ಮಲ್ಲಿ 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಕಟ್ಟಡದ ಹೊರಗೆ. ಅಂಗಡಿ ಕಂಪ್ಯೂಟರಿನಲ್ಲಿ ಒಂದು, ಕಪಾಟಿನಲ್ಲಿಡುವ ಬೇರೆ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ (ಇಂಟರ್ನೆಟ್ಟಿನ ಜಾಗದಲ್ಲಿ) ಒಂದು. ಡಿಸ್ಕನ್ನು ಬ್ಯಾಕಪ್ ಆದ ಮೇಲೆ ಬಿಚ್ಚಿ ಇಡಬೇಕು, ಹಚ್ಚಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಕ್ಲೌಡ್ ಖಾತೆ ನಿಮ್ಮ ಇಮೇಲಿನಲ್ಲೇ ಇರಲಿ. ಟ್ಯಾಲಿ ವಾಲ್ಟ್ (ಲೆಕ್ಕಕ್ಕೆ ಬೀಗ ಹಾಕುವ) ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ, ಮರೆತರೆ ವಾಪಸ್ ಪಡೆಯುವ ದಾರಿ ಇಲ್ಲ. ಎಲ್ಲಕ್ಕಿಂತ ಮುಖ್ಯ, ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದರೂ ಇಲ್ಲದ ಹಾಗೆಯೇ.

ಕ್ಲಿನಿಕ್ ಮ್ಯಾನೇಜರ್, ಬೀದರ

ನಮ್ಮಲ್ಲಿ ರೋಗಿಗಳ ವಿವರ ಇರುತ್ತದೆ, ನಿಮ್ಮಲ್ಲಿ ರೈತರ ಬ್ಯಾಂಕ್ ಖಾತೆ, ಆಧಾರ್ ಪ್ರತಿ ಇರುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕೆಲಸವನ್ನು ಹೊರಗಿನವರಿಗೆ ಕೊಟ್ಟರೂ ಹೊಣೆ ನಮ್ಮದೇ ಅಂತ ಆ ಕಾಯ್ದೆ ಹೇಳುತ್ತದೆ. ಅದಕ್ಕೇ ನಾವು ಒಂದು ಪದ್ಧತಿ ಮಾಡಿದ್ದೇವೆ. ರಿಮೋಟ್ ಸಾಫ್ಟ್‌ವೇರಿನಲ್ಲಿ ನಾವು ಇಲ್ಲದಾಗಲೂ ಒಳಗೆ ಬರುವ ಪಾಸ್‌ವರ್ಡ್ ಇಟ್ಟಿಲ್ಲ. ಅವರು ಫೋನ್ ಮಾಡಬೇಕು, ನಾವು ಒಪ್ಪಿಗೆ ಒತ್ತಬೇಕು, ಕೆಲಸ ಮುಗಿಯುವವರೆಗೆ ನಮ್ಮವರೊಬ್ಬರು ಪರದೆ ಮುಂದೆ ಕೂತಿರಬೇಕು. ಮೊದಲು ಕಂಪನಿಯವರು ಬೇಜಾರು ಮಾಡಿಕೊಂಡರು. ಈಗ ಅವರಿಗೂ ಅಭ್ಯಾಸವಾಗಿದೆ.

ಏನಾದರೂ ವಂಚನೆ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ. ದುಡ್ಡು ಹೋದ ಮೊದಲ ತಾಸುಗಳಲ್ಲಿ ಹೇಳಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೆಡಿಕಲ್ ಅಂಗಡಿ, ಸೇಡಂ ರಸ್ತೆ

ಇಷ್ಟೆಲ್ಲ ಕಾಗದ ಕೇಳಿದ್ರ ಸಣ್ಣ ಅಂಗಡಿಗೆ ಯಾರೂ ಬರಲ್ಲ ಅನಸ್ತದ ನನಗ. ನಮ್ಮದು ಎರಡೇ ಕಂಪ್ಯೂಟರ್.

ರೈಸ್ ಮಿಲ್, ಶಹಾಪುರ

ಎರಡಿದ್ರೂ ಪಾಸ್‌ವರ್ಡ್ ಪಟ್ಟಿ ಒಂದು ಹಾಳಿ ಸಾಕಲ್ರಿ ಅಣ್ಣಾ.

ಗಂಜ್ ಅಡತಿ, ಕಲಬುರಗಿ

ನಿನ್ನೆ ಇದನ್ನೆಲ್ಲ ಅಪ್ಪಾಜಿಗೆ ಓದಿ ಹೇಳಿದೆ. ಅವರಿಗೆ ಸಂಕಟ ಆಯ್ತು. "ಒಂಬತ್ತು ವರ್ಷ ಮನಿ ಮಗನಂಗ ಇದ್ದ ಹುಡುಗಗ ಒಂದು ಕಾಗದ ಕೇಳಿರ್ಲಿಲ್ಲ. ಈಗ ಬರೋರಿಗೆ ಮೊದಲ ದಿನವೇ ನೀ ಬಿಟ್ಟು ಹೋಗೋವಾಗ ಏನು ಕೊಡ್ತಿ ಅಂತ ಕೇಳೋದಾ? ನಂಬಿಕಿ ಇಲ್ಲದಂಗ ಆಗ್ತದ" ಅಂದ್ರು. ಅವರ ಮಾತು ತಳ್ಳಿ ಹಾಕ್ಲಿಕ್ಕ ನನಗ ಆಗ್ಲಿಲ್ಲ. ಗಂಜ್‌ದಾಗ ಬಾಯಿಮಾತಿನ ಮ್ಯಾಲೇ ಲಕ್ಷ ಲಕ್ಷ ನಡೀತದ.

ಬಿದ್ರಿ ಅಂಗಡಿ, ಬೀದರ

ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು ತಂಗಿ. ಒಂದು ಕೇಳು ಅವರಿಗೆ. ರೈತ ನಂಬಿಯೇ ಮಾಲು ತಂದು ಅವರ ಅಂಗಡ್ಯಾಗ ಇಳಸ್ತಾನ. ಆದರೂ ತೂಕದ ಚೀಟಿ ಕೊಡ್ತಾರ, ಹಮಾಲಿ ಎಷ್ಟು, ಅಡತಿ ಎಷ್ಟು, ಚೀಲ ಎಷ್ಟು ಎಲ್ಲಾ ಬರದು ಪಟ್ಟಿ ಮಾಡಿ ಕೊಡ್ತಾರ. ಆ ಚೀಟಿ ಕೊಡೋವಾಗ ರೈತನ ಮ್ಯಾಲೆ ಅವರಿಗೆ ಅನುಮಾನ ಇರ್ತದಾ? ಚೀಟಿ ಇರೋದಕ್ಕೇ ಅವನ ಮಗನೂ ಅದೇ ಅಂಗಡಿಗೆ ಬರ್ತಾನ.

ಎಎಂಸಿ ಕೆಲಸದವ, ಕಲಬುರಗಿ

ಧಂದೆದವನಾಗಿ ನಾನೂ ಹೇಳ್ತೀನಿ, ಬರದು ಕೊಡೋದು ನಮಗೂ ಛಲೋ. ನನ್ನ ಅಂಗಡ್ಯಾಗಿಂದ ಒಬ್ಬ ಹುಡುಗ ಬಿಟ್ಟು ಹೋದಾಗ ಏಳು ಗಿರಾಕಿಗಳ ಪಾಸ್‌ವರ್ಡ್ ಅವನ ತಲಿಯಾಗ ಇದ್ವು. ಅವಂದು ತಪ್ಪಲ್ಲ, ಬರದಿಡು ಅಂತ ನಾನು ಹೇಳಿರ್ಲಿಲ್ಲ.

ಆ ಪುಣೆ ಹುಡುಗಗ ಒಂದು ಫೋನ್ ಮಾಡಿ ನೋಡಿದ್ರಾ?

ಗಂಜ್ ಅಡತಿ, ಕಲಬುರಗಿ

ಹತ್ತು ದಿನ ಆದ ಮ್ಯಾಲೆ ಬರೀಲಿಕ್ಕತ್ತೀನಿ, ಕ್ಷಮಿಸ್ರಿ. ಎಲ್ಲಾ ಹೇಳ್ತೀನಿ.

ಅಣ್ಣಾ, ನೀವು ಹೇಳಿದ ದಿನವೇ ಪುಣೆಗೆ ಫೋನ್ ಮಾಡಿದೆ. ಡಿಸೆಂಬರ್‌ದಾಗ ಹಿಂಗಾಯ್ತು ಅಂತ ಅವಗ ಗೊತ್ತೇ ಇರ್ಲಿಲ್ಲ. ನಾವು ಹೊಸ ನೌಕರಿ, ತ್ರಾಸು ಕೊಡಬಾರ್ದು ಅಂತ ಹೇಳಿರ್ಲಿಲ್ಲ. ಅವ ಸ್ವಲ್ಪ ಹೊತ್ತು ಸುಮ್ಮನಾದ. ಆಮ್ಯಾಲೆ, "ಅಕ್ಕಾ, ಮುನೀಮರ ಮೇಜಿನ ಎಡಗಡೆ ಖಾನೆದಾಗ ನೀಲಿ ಡೈರಿ ಅದ ನೋಡ್ರಿ" ಅಂದ. ಇತ್ತು. ರೌಟರ್, ಸಿಸಿಟಿವಿ, ಮಿಲ್ಲಿನ ವೈಫೈ, ಎಲ್ಲಾ ಅವನ ಅಕ್ಷರದಾಗ ಬರದಿತ್ತು. ಹೋಗೋವಾಗ ಬರದು ಇಟ್ಟಿದ್ದ, ಹೇಳ್ಲಿಕ್ಕ ಮರೆತಿದ್ದ. ಟ್ಯಾಲಿ ಲೈಸೆನ್ಸ್ ಅವತ್ತು ರಾತ್ರಿನೇ ನಮ್ಮ ಇಮೇಲಿಗೆ ಬದಲಿಸಿ ಕೊಟ್ಟ. ಅಪ್ಪಾಜಿ ಡೈರಿ ಕೈಯಾಗ ಹಿಡ್ಕೊಂಡು ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ಅವರೇ ಅಂದ್ರು, ಹೊಸಬರ ಹತ್ರನೂ ಇಂಥದ್ದೊಂದು ಬರಸ್ಕೋ ಅಂತ.

ಎರಡೂ ಕಡಿಯವರನ್ನ ಮತ್ತ ಕರದೆ. ಒಂದೇ ಪ್ರಶ್ನೆ ಪಟ್ಟಿ ಇಬ್ಬರಿಗೂ ಕೊಟ್ಟೆ. ಹೈದರಾಬಾದ್‌ದವರು ತಮ್ಮ ಹದಿನೆಂಟು ಪುಟದ ಒಪ್ಪಂದ ಕಳಿಸಿದ್ರು. ಛಲೋ ಮಂದಿ, ಮಾತು ಸ್ಪಷ್ಟ. ಆದರ ಮೂರು ವರ್ಷದ ಒಪ್ಪಂದ, ಮಧ್ಯದಾಗ ಬಿಟ್ರ ಉಳಿದ ತಿಂಗಳಿನ ಅರ್ಧ ರೊಕ್ಕ ಕೊಡ್ಬೇಕು. ಬ್ಯಾಕಪ್ ಅವರ ಖಾತೆದಾಗೇ ಇರ್ತದ, ನಮ್ಮ ಖಾತೆದಾಗ ಇಡ್ಲಿಕ್ಕ ಒಪ್ಪಲಿಲ್ಲ. ಮಿಲ್ಲಿಗೆ ಬಂದು ನೋಡ್ಲಿಕ್ಕ ಮೊದಲು ಸಹಿ ಬೇಕಂದ್ರು.

ಸೂಪರ್ ಮಾರ್ಕೆಟ್ ಅಣ್ಣ ತಮ್ಮ ಕಪನೂರಿಗೆ ಬಂದ್ರು. ಅರ್ತಿಂಗ್ ನೋಡಿದ್ರು, ಮಿಲ್ಲಿನ ಎರಡೂ ಕಂಪ್ಯೂಟರ್ ಬಿಚ್ಚಿ ಧೂಳು ತೆಗೆದ್ರು. ಬ್ಯಾಕಪ್ ತೆರೆದು ತೋರಿಸ್ರಿ ಅಂದೆ. ಮೊದಲ ಸಲ ಆಗ್ಲಿಲ್ಲ. ದೊಡ್ಡ ಅಣ್ಣ, "ಅಕ್ಕೋರೆ, ಖರೆ ಹೇಳ್ತೀನಿ, ನಾವು ಬ್ಯಾಕಪ್ ಹಾಕಿ ಕೊಡ್ತಿದ್ವಿ, ಯಾರಿಗೂ ತೆರೆದು ತೋರಿಸಿರ್ಲಿಲ್ಲ. ಎರಡು ದಿನ ಕೊಡ್ರಿ" ಅಂದ. ಎರಡು ದಿನ ಬಿಟ್ಟು ತಮ್ಮದೇ ಲ್ಯಾಪ್‌ಟಾಪ್ ತಂದು, ಅದರಾಗ ನಮ್ಮ ಟ್ಯಾಲಿ ಡಾಟಾ ತೆರೆದು, ನಾನು ಕೇಳಿದ ಮೂರು ರೈತರ ಬಾಕಿ ತೋರಿಸಿದ್ರು. ಆ ಅಜ್ಜಂದೂ ತೆರಸಿ ನೋಡಿದೆ. ಪೈಸೆಗೆ ಪೈಸೆ ಸರಿ ಇತ್ತು.

ಇವರಿಗೇ ಕೊಟ್ಟೀನಿ. ಕಡಿಮಿ ರೇಟ್ ಅಂತ ಅಲ್ಲ, 36,000 ಇದ್ದದ್ದು ನಾನೇ 48,000 ಮಾಡೀನಿ. ಅದರಾಗ ತಿಂಗಳಿಗೊಮ್ಮೆ ಬ್ಯಾಕಪ್ ತೆರೆದು ತೋರಿಸೋದು, ಹಂಗಾಮಿನಾಗ ಕೊಡೋ ಕಂಪ್ಯೂಟರ್ ಒಂದು ತೆಗೆದಿಡೋದು ಸೇರ್ಯಾವ. ರೊಕ್ಕ ಮೂರು ತಿಂಗಳಿಗೊಮ್ಮೆ. ಬಿಡಬೇಕಂದ್ರ ಯಾರೇ ಆಗ್ಲಿ 30 ದಿನ ಮೊದಲು ಹೇಳ್ಬೇಕು, ಪಾಸ್‌ವರ್ಡ್ ಹಾಳಿ, ಲೈಸೆನ್ಸ್ ಬಿಲ್ಲು ಕೊಡ್ಬೇಕು. ಒಪ್ಪಂದ ಕನ್ನಡದಾಗ ಎರಡೂವರೆ ಪುಟ ಆಯ್ತು, ಅಪ್ಪಾಜಿ ಪೂರಾ ಓದಿ ಸಹಿ ಮಾಡಿದ್ರು.

ಎಎಂಸಿ ಕೆಲಸದವ, ಕಲಬುರಗಿ

ಮೊದಲ ಸಲ ಆಗ್ಲಿಲ್ಲ ಅಂತ ಒಪ್ಕೊಂಡ್ರಲ್ಲ, ಅವರನ್ನ ಬಿಡಬ್ಯಾಡ್ರಿ. ಕಾಟಾದ ಕಂಪ್ಯೂಟರ್ ಏನಾಯ್ತು?

ಗಂಜ್ ಅಡತಿ, ಕಲಬುರಗಿ

ಕೇಬಲ್ ಕಿತ್ತು ಇಟ್ಟೀವಿ ಅಣ್ಣಾ. ಉಳಿದ ಐದರಾಗ ಮೂರಕ್ಕ ವಿಂಡೋಸ್ 11 ಹೋಗ್ತದಂತ, ಎರಡು ಹೊಸವು ತಗೋಬೇಕು. ಯುಗಾದಿ ತನಕ ಒಂದು, ಮಳಿಗಾಲದಾಗ ಇನ್ನೊಂದು ಅಂತ ಮಾತಾಗ್ಯಾದ. ಮುಂದಿನ ಬ್ಯಾಕಪ್ ತೆರೆಯೋದು ಬರೋ ರವಿವಾರ, ಮುನೀಮರ ಕೈಲೇ ತೆರೆಸ್ಬೇಕು ಅಂತ ಮಾಡೀನಿ. ನೀಲಿ ಡೈರಿ ತಿಜೋರಿದಾಗ ಅದ.